ಬಾಲದಣ್ಣನ ಸುಸ್ತು

ಮೊದಲು ಹೋಗಿ ಹೆಸರು ಮಾಡಿದವರ ಕತೆಗಳು ಬೇಕಾದಷ್ಟಿವೆ. ಕೊನೆಗೆ ಹೋಗಿ ಹೆಸರು ಮಾಡಿದವನೆಂದರೆ ಇವನೊಬ್ಬನೇ ಇರಬೇಕು. ಹೆಸರು ಅಂದರೆ ಅಡ್ಡಹೆಸರು: ಬಾಲದಣ್ಣ. ಸೈಕಲ್ ಪ್ರವಾಸಕ್ಕೆ ಬಂದ ಅತಿಥಿಗಳು ಬೆಟ್ಟದ ದಾರಿಯಲ್ಲಿ ಸಾಲಾಗಿ ಹೋಗುವಾಗ, ಅವರಲ್ಲೆಲ್ಲ ನಿಧಾನದವರು ಯಾರೋ ಅವರ ಬೆನ್ನಿಗೆ ಬಿಡದ ಬೇತಾಳದ ಹಾಗೆ ಅಂಟಿಕೊಂಡು ಹೋಗುವುದೇ ಅವನ ಉದ್ಯೋಗ. ಗುಂಪಿಗೆ ಮುಂದಾಳು ಯಾರಾದರೂ ಆಗಬಹುದು, ಕಾಲಲ್ಲಿ ಕಸುವಿದ್ದರೆ ಸಾಕು. ಬಾಲವಾಗುವುದಕ್ಕೆ ತಾಳ್ಮೆ ಬೇಕು, ಕಣ್ಣು ಬೇಕು, ಅಗತ್ಯ ಬಿದ್ದಾಗ ಧಾರಾಳವಾಗಿ ಸುಳ್ಳು ಹೇಳುವ ನಾಲಿಗೆಯೂ ಬೇಕು.

ಆ ಸೀಮೆಯಲ್ಲಿ ಹೆಸರಾಂತ ಏರುಗಳು ಹಲವಿವೆ. ದೂರದ ಊರುಗಳಲ್ಲಿ ಕುರ್ಚಿಗೆ ಅಂಟಿ ಕೂತವರು ವರ್ಷವಿಡೀ ಅವುಗಳ ಕನಸು ಕಂಡು, ರಜೆ ಹಾಕಿ, ಮೈಗಂಟುವ ಬಣ್ಣದ ಅಂಗಿ ತೊಟ್ಟು ಬಂದು, ಮೊದಲನೇ ತಿರುವಿನಲ್ಲೇ ಹೆತ್ತ ತಾಯಿಯನ್ನು ನೆನೆಯುತ್ತಾರೆ. ಬಾಲದಣ್ಣ ಈ ಏರುಗಳನ್ನೆಲ್ಲ ಲೆಕ್ಕ ತಪ್ಪುವಷ್ಟು ಸಲ ಹತ್ತಿದ್ದಾನೆ. ಒಮ್ಮೆಯೂ ಯಾರಿಗಿಂತಲೂ ಮೊದಲು ತಲುಪಿಲ್ಲ. ಅವನು ತಲುಪುವ ಹೊತ್ತಿಗೆ ಶಿಖರದ ಫಲಕದ ಮುಂದೆ ಎಲ್ಲರೂ ತೋಳೆತ್ತಿ ನಿಂತಿರುತ್ತಾರೆ. ಯಾರೋ ಒಬ್ಬರು ಅವನ ಕೈಗೆ ಫೋನು ತುರುಕುತ್ತಾರೆ. ಹೀಗೆ ಎಷ್ಟೋ ಮನೆಗಳ ಗೋಡೆ ಏರಿರುವ ವಿಜಯದ ಫೋಟೊಗಳಲ್ಲಿ ಇವನೂ ಇದ್ದಾನೆ, ಮೂಲೆಯಲ್ಲೊಂದು ಮಸುಕು ಹೆಬ್ಬೆರಳಾಗಿ.

ಪ್ರವಾಸದ ಯಜಮಾನಿಕೆ ಬಾಲದಣ್ಣನ ಹೆಂಡತಿಯ ಅಣ್ಣನದು, ಅಂದರೆ ಭಾವನದು. ವ್ಯಾನು ಓಡಿಸುವವರೂ ಭಾವನೇ. ಅತಿಥಿಗಳ ಪೆಟ್ಟಿಗೆ, ಹೆಚ್ಚಿನ ಚಕ್ರಗಳು, ಬಾಳೆಹಣ್ಣು, ಚಹಾದ ಫ್ಲಾಸ್ಕು, ಕಂಬಳಿ, ಮುಲಾಮು ಎಲ್ಲ ಹೇರಿಕೊಂಡ ಆ ವ್ಯಾನು ಮುಂದಿನ ತಿರುವಿನಲ್ಲಿ ಕಾಯುತ್ತದೆ. ಮೂವತ್ತು ಹಾಸಿಗೆಯ ಹಳೇ ವಸತಿಗೃಹವನ್ನು ನೋಡಿಕೊಳ್ಳುವುದು ಬಾಲದಣ್ಣನ ಹೆಂಡತಿ. ನೆಲಮಾಳಿಗೆಯಲ್ಲಿ ಕೊಕ್ಕೆಗಳಿಗೆ ಸೈಕಲ್ಲುಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತವೆ. ಮೇಲಿನ ಊಟದ ಮನೆಯಲ್ಲಿ ಉದ್ದನೆಯ ಮೇಜು, ಒದ್ದೆ ಕೈಗವಸು ಹರವಿದ ಕುರ್ಚಿಗಳು. ಅಲ್ಲಿ ಸಂಜೆ ನಡೆಯುವ ಮಾತು ಕೇಳಿದರೆ, ಬೆಳಿಗ್ಗೆ ಇವರೇ ಉಸಿರಿಗೆ ಒದ್ದಾಡಿದ್ದು ಅಂತ ಯಾರೂ ನಂಬಲಾರರು.

ಬಾಲದ ವಿದ್ಯೆಯ ಮೊದಲ ಪಾಠವೇನೆಂದರೆ, ಸುಸ್ತಾದ ಅತಿಥಿಯನ್ನು ಸುಸ್ತಾಯ್ತಾ ಅಂತ ಕೇಳಕೂಡದು. ಆ ಮನುಷ್ಯ ಪ್ರಾಣ ಬಿಟ್ಟಾನೇ ಹೊರತು ಹೌದು ಅನ್ನಲಾರ. ಅದಕ್ಕೆ ಸುಸ್ತನ್ನು ತನ್ನ ಮೈಮೇಲೆ ಎಳೆದುಕೊಳ್ಳಬೇಕು. "ಅಯ್ಯೋ ಸಾರ್, ಒಂದ್ನಿಮಿಷ ನಿಲ್ಲಿ, ವಯಸ್ಸಾಯ್ತು ನನಗೆ, ಎದೆ ಹೊಡ್ಕೊಳ್ತಿದೆ." ಅತಿಥಿ ಮಹಾ ಔದಾರ್ಯದಿಂದ ನಿಲ್ಲುತ್ತಾನೆ. ಇನ್ನೂ ಬಿಗುಮಾನದವರಾದರೆ ಹದ್ದಿನ ಉಪಾಯ: "ಅಗೋ, ಆ ಬಂಡೆ ಮೇಲೆ ಹದ್ದು! ಕಾಣ್ತಾ?" ಹದ್ದು ಇರುತ್ತಿರಲಿಲ್ಲ. ಇಲ್ಲದ ಹದ್ದನ್ನು ಹುಡುಕುವಷ್ಟರಲ್ಲಿ ಎಂಥವರ ಉಸಿರೂ ಹದಕ್ಕೆ ಬರುತ್ತದೆ.

ಇಂಥ ಮಹಾನಟನಿಗೆ ಈ ವರ್ಷ ನಿಜವಾಗಿಯೇ ಸುಸ್ತಾಯಿತು. ಬಲಗಾಲಿನ ಮಂಡಿ ಮೊದಲು ಗೊಣಗಿತು, ಆಮೇಲೆ ಬೈಯಿತು, ಈಗೀಗ ಬಾಗಿಲು ಹಾಕಿಕೊಂಡು ಕೂತುಬಿಡುತ್ತಿತ್ತು. ಅಯ್ಯೋ ಅಂದರೆ ಅತಿಥಿಗಳು ನಗುತ್ತಿದ್ದರು, ಎಷ್ಟು ಚೆನ್ನಾಗಿ ಮಾಡ್ತೀರಿ ಬಾಲದಣ್ಣ ಅಂತ ಬೆನ್ನು ತಟ್ಟುತ್ತಿದ್ದರು. ಹೆಂಡತಿ ಮಾತ್ರ ನಗಲಿಲ್ಲ.

"ರೀ, ಹಾಸಿಗೆಯೆಲ್ಲ ಮುಲಾಮಿನ ವಾಸನೆ. ಪಕ್ಕದಲ್ಲಿ ಮಲಗಿರೋದು ಗಂಡಾನೋ ಔಷಧಿ ಅಂಗಡಿನೋ ಗೊತ್ತಾಗಲ್ಲ. ಅಣ್ಣನಿಗೆ ಹೇಳಿ ವ್ಯಾನಿಗೆ ಬನ್ನಿ."

"ವ್ಯಾನಾ? ನಾನೇನು ಪೆಟ್ಟಿಗೆನಾ?"

ಅವಳು ಅಣ್ಣನಿಗೆ ಹೇಳಿಯೇಬಿಟ್ಟಳು. ಭಾವ ನೆಲಮಾಳಿಗೆಗೆ ಇಳಿದು ಬಂದು, ಚೈನಿಗೆ ಎಣ್ಣೆ ಬಿಡುತ್ತಿದ್ದ ಬಾಲದಣ್ಣನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು. "ನೋಡಯ್ಯಾ, ಈ ವಾರ ಒಂದು ಸಲ ನೀನು ವ್ಯಾನು ಹತ್ತಿದ್ಯೋ, ಮುಂದೆ ಸೈಕಲ್ ಮುಟ್ಟೋ ಹಾಗಿಲ್ಲ. ವ್ಯಾನೇ ನಿನ್ನ ಗತಿ."

"ಹತ್ತಿದ್ರೆ ತಾನೇ?" ಅಂದ ಬಾಲದಣ್ಣ. ಗಂಡಸಿನ ಬಾಯಿಂದ ಇಂಥ ಮಾತು ಬರುವಾಗ ಮಂಡಿಯನ್ನು ಯಾರೂ ಕೇಳುವುದಿಲ್ಲ.

ಆ ವಾರದ ನಿಧಾನದ ಅತಿಥಿ ಒಬ್ಬರು ಹಲ್ಲಿನ ಡಾಕ್ಟ್ರಮ್ಮ. ದವಾಖಾನೆ ಮುಚ್ಚಿ, ಇಬ್ಬರು ಹೆಣ್ಣುಮಕ್ಕಳ ಬುದ್ಧಿವಾದವನ್ನು ಕಿವಿಗೆ ಹಾಕಿಕೊಳ್ಳದೆ ಸೈಕಲ್ ಕಲಿತವರು. ಹೋದ ವರ್ಷ ಇದೇ ಸೀಮೆಯ ಅತಿ ದೊಡ್ಡ ಏರಿನಲ್ಲಿ ಮಳೆ ಹಿಡಿದು ಅರ್ಧಕ್ಕೇ ಇಳಿದಿದ್ದರಂತೆ. ಈ ವರ್ಷ ಬಂದದ್ದು ಆ ಒಂದು ಏರಿಗೆ. ಅವರು ನಿಧಾನ ನಿಜ, ಆದರೆ ನಿಲ್ಲುವುದಿಲ್ಲ. ಹೊಲಿಗೆ ಯಂತ್ರದ ಹಾಗೆ ಕಟಕಟ ಕಾಲಾಡಿಸುತ್ತ ಒಂದೇ ಸಮನೆ ಹೋಗುತ್ತಾರೆ. ಬಾಲಕ್ಕೆ ಇದಕ್ಕಿಂತ ದೊಡ್ಡ ವಿಪತ್ತು ಇನ್ನೊಂದಿಲ್ಲ.

ಕೊನೆಯ ದಿನ ಆ ದೊಡ್ಡ ಏರು. ಉಳಿದವರು ಮುಂದಾಳಿನ ಹಿಂದೆ ಕಣ್ಮರೆಯಾದರು. ದಾರಿ ಮಡಚಿಟ್ಟ ಪಟ್ಟಿಯ ಹಾಗೆ ಬೆಟ್ಟದ ಮೈಮೇಲೆ ಸುತ್ತಿ ಸುತ್ತಿ ಏರುತ್ತಿತ್ತು. ಕಾಡು ಮುಗಿದು ಬರೀ ಕಲ್ಲಿನ ಇಳಿಜಾರು ಶುರುವಾಗುವ ಹೊತ್ತಿಗೆ ಬಾಲದಣ್ಣನ ಜೀವ ಬಾಯಿಗೆ ಬಂದಿತ್ತು.

"ಡಾಕ್ಟ್ರಮ್ಮ, ನನ್ನ ಚೈನು ಯಾಕೋ ಕಿರುಗುಡ್ತಿದೆ..."

"ನಂಗೇನೂ ಕೇಳಿಸ್ತಿಲ್ಲ. ಬನ್ನಿ ಬನ್ನಿ."

ಒಂದು ತಿರುವು ಕಳೆಯಿತು.

"ಅಗೋ ಹದ್ದು! ಆ ಬಂಡೆ ಮೇಲೆ!"

"ಅದೆಲ್ಲಿಗೂ ಹೋಗಲ್ಲ ಬಿಡಿ. ಇಳಿಯುವಾಗ ನೋಡೋಣ."

ಇಷ್ಟು ವರ್ಷದ ವಿದ್ಯೆಯೆಲ್ಲ ಹೀಗೆ ಒಂದೊಂದಾಗಿ ನೆಲಕಚ್ಚಿತು. ಮಂಡಿ ಪೂರ್ತಿ ಮುಷ್ಕರ ಹೂಡಿತು. ಡಾಕ್ಟ್ರಮ್ಮನಿಗೂ ಅವನಿಗೂ ನಡುವೆ ಒಂದು ಸೈಕಲ್ಲಿನಷ್ಟು ಅಂತರ ಬಿತ್ತು, ನೋಡನೋಡುತ್ತ ಅದು ಒಂದು ಬಸ್ಸಿನಷ್ಟಾಯಿತು. ಮೇಲಿನ ತಿರುವಿನಲ್ಲಿ ವ್ಯಾನಿಗೆ ಒರಗಿ ನಿಂತು ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಇಳಿದರೆ ಮಾನ ಹೋಗುತ್ತದೆ, ಇಳಿಯದಿದ್ದರೆ ಮಂಡಿ ಹೋಗುತ್ತದೆ. ಆಗ ಬಾಲದಣ್ಣ ತನ್ನ ಬಾಳಿನಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಬಲಗೈ ಎತ್ತಿ ಹೆಲ್ಮೆಟ್ಟಿನ ಮೇಲಿಟ್ಟ.

ಆ ಸನ್ನೆಗೆ ಅರ್ಥ ಒಂದೇ: ನನ್ನ ಮುಂದಿನ ಅತಿಥಿಗೆ ಇನ್ನು ಆಗದು, ವ್ಯಾನಿಗೆ ಹತ್ತಿಸಿ. ಹಿಂದೊಮ್ಮೆ ಒಬ್ಬ ಅತಿಥಿ ನನಗೇನೂ ಆಗಿಲ್ಲ ಅನ್ನುತ್ತಲೇ ತಿರುವಿನಲ್ಲಿ ಮೂರ್ಛೆ ಬಿದ್ದ ಮೇಲೆ ಭಾವ ಮಾಡಿದ ಕಟ್ಟಳೆ ಅದು. ಕೈ ತಲೆಗೆ ಹೋಯಿತೆಂದರೆ ಅತಿಥಿ ಅತ್ತರೂ ಕರೆದರೂ ಸೈಕಲ್ಲು ವ್ಯಾನಿನ ನೆತ್ತಿ ಸೇರಬೇಕು. ಬಾಲದಣ್ಣನ ಲೆಕ್ಕಾಚಾರ ಬೇರೆಯಿತ್ತು. ಡಾಕ್ಟ್ರಮ್ಮ ಹೇಗೂ ಜಗಳ ತೆಗೆಯುತ್ತಾರೆ, ಭಾವ ಸಮಾಧಾನ ಮಾಡುತ್ತ ಚಹಾ ಬಗ್ಗಿಸುತ್ತಾರೆ, ಅಷ್ಟರಲ್ಲಿ ತಾನು ತಡೆಗೋಡೆಯ ಮೇಲೆ ಕೂತು ಮಂಡಿ ಆರಿಸಿಕೊಳ್ಳಬಹುದು. ಆಮೇಲೆ 'ಪರವಾಗಿಲ್ಲ ಭಾವ, ಚೇತರಿಸಿಕೊಂಡಿದಾರೆ, ಬಿಟ್ಟುಬಿಡೋಣ' ಅಂದರಾಯಿತು.

ಡಾಕ್ಟ್ರಮ್ಮ ಜಗಳ ತೆಗೆಯಲಿಲ್ಲ.

ಭಾವ ಎರಡೂ ಕೈ ಚಾಚಿ ಅಡ್ಡ ಬಂದು ವಿಷಯ ಹೇಳಿದಾಗ ಅವರು ಸುಮ್ಮನೆ ಇಳಿದರು. ಹೆಲ್ಮೆಟ್ಟು ತೆಗೆದರು. ಬೆವರಿಗೆ ಅಂಟಿದ ನರೆಗೂದಲನ್ನು ಹಿಂದಕ್ಕೆ ತಳ್ಳಿ, ಕುಂಟುತ್ತ ಬಂದ ಬಾಲದಣ್ಣನನ್ನು ಕೇಳಿದರು: "ತೂರಾಡ್ತಿದ್ದೆನಾ ನಾನು?"

ಬಾಲದಣ್ಣ ಬಗ್ಗಿ ತನ್ನ ಚೈನು ನೋಡತೊಡಗಿದ.

"ನನಗೆ ಗೊತ್ತಾಗ್ಲೇ ಇಲ್ಲ ನೋಡಿ. ಚೆನ್ನಾಗೇ ಹೋಗ್ತಿದೀನಿ ಅಂತ ಅನ್ಕೊಂಡಿದ್ದೆ. ನಮ್ಮ ಬೆನ್ನು ನಮಗೆ ಕಾಣಲ್ವಲ್ಲ. ನೀವು ನೋಡಿರೋರು, ಸರಿಯಾಗೇ ಇರುತ್ತೆ ಬಿಡಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಭಾವ ಆಗಲೇ ಅವರ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಉಳಿದದ್ದನ್ನು ವ್ಯಾನಿನ ಮೇಲೆ ಬಿಗಿಯತೊಡಗಿದ್ದರು. ಡಾಕ್ಟ್ರಮ್ಮ ಕೈಗವಸಿನ ಒಂದೊಂದೇ ಬೆರಳು ಎಳೆದು ಬಿಡಿಸುತ್ತ, ಉಳಿದ ದಾರಿಯನ್ನು ತಲೆಯೆತ್ತಿ ನೋಡಿದರು. ಒಂದೇ ಸಲ ನೋಡಿದರು, ಮತ್ತೆ ಆ ಕಡೆ ತಿರುಗಲಿಲ್ಲ.

"ಭಾವ, ಬಿಗೀಬೇಡಿ" ಅಂದ ಬಾಲದಣ್ಣ. "ಸುಸ್ತು ಅವರಿಗಲ್ಲ. ನನಗೆ."

ಭಾವ ತಿರುಗಿಯೂ ನೋಡಲಿಲ್ಲ. "ಆ ನಾಟಕ ಅತಿಥಿಗಳ ಹತ್ರ ಇಟ್ಕೋ. ನನ್ನ ಹತ್ರ ಬೇಡ."

"ನಾಟಕ ಅಲ್ಲ ಭಾವ."

"ದೊಡ್ಡ ಮನಸ್ಸು ಕಣಯ್ಯಾ ನಿಂದು. ಹಗ್ಗ ಕೊಡು."

ಸತ್ಯ ಹೇಳಿದರೂ ಮರ್ಯಾದೆ ಉಳಿಸುವ ಸುಳ್ಳಿನಂತೆ ಕೇಳುವ ಮಟ್ಟಕ್ಕೆ ತನ್ನ ವಿದ್ಯೆಯನ್ನು ಬೆಳೆಸಿದ್ದ ಮಹಾಶಯ, ಬೇರೆ ದಾರಿ ಕಾಣದೆ ತಡೆಗೋಡೆಯ ಮೇಲೆ ಕೂತು ಪ್ಯಾಂಟಿನ ಬಲಗಾಲನ್ನು ಮೇಲಕ್ಕೆ ಸುತ್ತಿದ. ಮಂಡಿ ಎಳೆ ಕುಂಬಳಕಾಯಿಯಷ್ಟಾಗಿತ್ತು. ಭಾವ ಹಗ್ಗ ಕೈಬಿಟ್ಟರು. ಡಾಕ್ಟ್ರಮ್ಮ ಬಗ್ಗಿ ಎರಡು ಬೆರಳಲ್ಲಿ ಒತ್ತಿದರು. ಬಾಲದಣ್ಣನ ಕೂಗು ಎದುರಿನ ಬೆಟ್ಟಕ್ಕೆ ಹೋಗಿ ವಾಪಸ್ಸು ಬಂತು.

"ಹಲ್ಲಾಗಿದ್ರೆ ಈಗಲೇ ಕಿತ್ತು ಹಾಕ್ತಿದ್ದೆ" ಅಂದರು ಅವರು. ಆಮೇಲೆ ನೆಟ್ಟಗೆ ನಿಂತು, "ಅಂದ್ರೆ ನಾನು ತೂರಾಡ್ತಿರಲಿಲ್ಲ?"

"ಇಲ್ಲ. ಇಸ್ತ್ರಿ ಹೊಡೆದ ಹಾಗೆ ನೇರ ಹೋಗ್ತಿದ್ರಿ."

"ನಿಮ್ಮ ಸುಸ್ತನ್ನ ನನ್ನ ತಲೆಗೆ ಕಟ್ಟಿದ್ರಿ!"

"ಕಟ್ಟಿದೆ."

"ನಲವತ್ತು ವರ್ಷ, ನೋವಿಲ್ಲ ಡಾಕ್ಟ್ರೇ ಅಂತ ಸುಳ್ಳು ಹೇಳೋ ಬಾಯಿಗಳನ್ನೇ ನೋಡಿದೀನಿ. ಒಂದ್ಸಲ ಹಿಂದೆ ತಿರುಗಿ ನೋಡಿದ್ರೆ ಸಾಕಿತ್ತು, ಗೊತ್ತಾಗ್ತಿತ್ತು." ಅವರ ಮೂಗಿನ ಹೊಳ್ಳೆ ಅದುರುತ್ತಿತ್ತು. "ಮೇಲೆ ಹೋದ್ಮೇಲೆ ಕೋಪ ಮಾಡ್ಕೊತೀನಿ. ಇಲ್ಲೇ ಮಾಡ್ಕೊಂಡ್ರೆ ಉಸಿರು ದಂಡ. ಚಕ್ರ ಹಾಕಿ."

"ಬಾಲ ಇಲ್ದೆ ಅತಿಥೀನ ಬಿಡೋ ಹಾಗಿಲ್ಲಮ್ಮ" ಅಂತ ಭಾವ ಗೊಣಗಿದರು.

"ಅಷ್ಟು ದೊಡ್ಡ ವ್ಯಾನು ಇಟ್ಕೊಂಡು ಬಾಲಕ್ಕೆ ಬರಗಾಲವಾ? ಹಿಂದೆ ಬನ್ನಿ. ಹಾರ್ನ್ ಮಾತ್ರ ಹೊಡೀಬೇಡಿ."

ಚಕ್ರ ಹಾಕಿಸಿಕೊಂಡು ಡಾಕ್ಟ್ರಮ್ಮ ಹೊರಟರು. ಅವರ ಸೈಕಲ್ಲು ಇರಬೇಕಾದ ಜಾಗಕ್ಕೆ ಬಾಲದಣ್ಣ ತನ್ನದನ್ನು ಎತ್ತಿಕೊಟ್ಟ. ಭಾವ ಅದನ್ನು ಬಿಗಿಯುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ಸೀಟಿನ ಕೆಳಗೆ ಬಣ್ಣ ಹೋದ ಕಡೆಯೆಲ್ಲ ಅವನ ತೊಡೆ ಉಜ್ಜಿದ ಗುರುತು. ಇನ್ನು ಅದು ನೆಲಮಾಳಿಗೆಯ ಕೊಕ್ಕೆಗೆ. ಮೈಯೆಲ್ಲ ಮರಳು ತುಂಬಿದ ಚೀಲದಂತಾಗಿತ್ತು. ಎಷ್ಟು ವರ್ಷದಿಂದ ತುಂಬಿತ್ತೋ, ಈಗ ಇಳಿಸುವ ಹೊತ್ತಿಗೆ ಭಾರ ತಿಳಿಯುತ್ತಿತ್ತು. ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಳ್ಳಲು ಹಿಂದಿನ ಬಾಗಿಲ ಕಡೆ ಕುಂಟಿದ.

"ಆ ಕಡೆ ಎಲ್ಲಿಗಯ್ಯಾ? ಈ ಕಡೆ ಬಾ." ಭಾವ ಚಾಲಕನ ಬಾಗಿಲು ತೆಗೆದು ಹಿಡಿದಿದ್ದರು.

"ನಾನಾ?"

"ಮತ್ತಿನ್ಯಾರು? ಕ್ಲಚ್ಚಿಗೆ ಎಡಗಾಲು, ನಿಂದು ಕೆಟ್ಟಿರೋದು ಬಲಗಾಲು. ಈ ವೇಗಕ್ಕೆ ಅದನ್ನ ಆಕ್ಸಿಲರೇಟರ್ ಮೇಲೆ ಸುಮ್ನೆ ಇಟ್ಕೊಂಡಿದ್ರೆ ಸಾಕು. ಹತ್ತು." ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಾರೇನೋ ಎಂಬಂತೆ ಹೇಳಿದರು: "ನನ್ನ ಸೊಂಟ ಹೋಗಿ ಯಾವ ಕಾಲ ಆಯ್ತೋ. ಈ ಸೀಟಲ್ಲಿ ಒಂದೊಂದು ತಿರುವಿಗೂ ನಕ್ಷತ್ರ ಕಾಣುತ್ತೆ. ನೀನು ಯಾವತ್ತು ಸೈಕಲ್ ಬಿಟ್ಟು ಬರ್ತೀಯೋ ಅಂತ ಕಾದು ಕಾದು ಸಾಕಾಯ್ತು."

"ಅಲ್ಲ ಭಾವ, ನನ್ನ ಹೆದರಿಸೋ ಬದಲು ಅದನ್ನೇ ಹೇಳ್ಬಾರ್ದಿತ್ತಾ?"

"ಯಜಮಾನ ಅನ್ನಿಸಿಕೊಂಡೋನು ಸೊಂಟ ನೋವು ಅಂತ ಹೇಗಯ್ಯಾ ಹೇಳೋದು? ನೀನು ಹೇಳಿದ್ಯಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಬರಬೇಕಿತ್ತು, ಬರುವಷ್ಟು ಶಕ್ತಿ ಇಬ್ಬರಲ್ಲೂ ಇರಲಿಲ್ಲ. ಭಾವ ಪಕ್ಕದ ಸೀಟಿಗೆ ಕೈಯೂರಿ, ಅಮ್ಮಾ ಅಪ್ಪಾ ಎಂದು ಎರಡು ಕಂತಿನಲ್ಲಿ ಏರಿ ಕೂತರು. ಎರಡನೇ ತಿರುವು ದಾಟುವ ಮೊದಲೇ ಅವರ ಗೊರಕೆ ಶುರುವಾಯಿತು.

ಸತ್ತ ನೊಣಗಳು ಮೆತ್ತಿದ ಗಾಜಿನಾಚೆ ಡಾಕ್ಟ್ರಮ್ಮ ಕಟಕಟ ಕಾಲಾಡಿಸುತ್ತ ಹೋಗುತ್ತಿದ್ದರು. ವ್ಯಾನು ಮೊದಲನೇ ಗೇರಿನಲ್ಲಿ ಮುಲುಗುತ್ತ ತೆವಳುತ್ತಿತ್ತು. ಒಂದು ಕಡೆ ದಾರಿ ಅಗಲವಾದಾಗ ಅವರು ಹಿಂದೆ ನೋಡದೆಯೇ ಎಡಗೈ ಬೀಸಿ, ಮುಂದೆ ಹೋಗಿ ಅಂದರು. ಬಾಲ ಎಲ್ಲಾದರೂ ಮುಂದೆ ಹೋಗುವುದುಂಟೇ? ಬಾಲದಣ್ಣನ ಹಿಂದೆ ಆಗಲೇ ಕಾರುಗಳ ಮೆರವಣಿಗೆ ಸೇರಿತ್ತು, ಒಂದೊಂದೂ ತನ್ನ ತನ್ನ ರಾಗದಲ್ಲಿ ಹಾರ್ನು ಬಾರಿಸುತ್ತಿತ್ತು. ಅವನು ಕಿಟಕಿಯ ಗಾಜು ಇಳಿಸಿ, ತೋಳು ಹೊರಗೆ ಹಾಕಿ, ತಾಳ್ಕೊಳ್ರಪ್ಪಾ ಅಂತ ಅವಕ್ಕೆ ಸನ್ನೆ ಮಾಡಿದ. ನುಗ್ಗಿ ಬಂದ ತಣ್ಣನೆಯ ಗಾಳಿಗೆ ಭಾವ ನಿದ್ದೆಯಲ್ಲೇ ಬೈದರು.

ಅವನು ಗಾಜು ಏರಿಸಲಿಲ್ಲ.