ಕಬ್ಬಿನ ಬದುವಿನ ತಂತಿ

ಮಾದೇವ, ಗೌಡರ ಕಬ್ಬಿನ ಬದುವಿನ ಮೇಲೆ ಕರೆಂಟಿನ ತಂತಿ ಎಳೆದಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀನು ಅತ್ತ ಓಡುವುದನ್ನು ನೋಡುತ್ತ ನಿಂತೆ. ಕೂಗಲಿಲ್ಲ. ಇಷ್ಟು ವರ್ಷ ನೀನು ನಂಬಿಕೊಂಡು ಬಂದಿರುವುದು ಮಾತ್ರ, ನಿನ್ನನ್ನು ಉಳಿಸಿದವನು ನಾನು ಎಂದು.

ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನಿಂದಲೂ ಇದೆ. ಆ ದಿನದ ಬಗ್ಗೆ ಮಾತ್ರ ಒಂದಕ್ಷರ ಬರೆದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ—ನಡೆಯಿತೆಂದು ನನಗೆ ತೋರುವಂತೆ—ಹೇಳುತ್ತೇನೆ.

ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ ಅದು. ಮಂಡ್ಯದಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಸಕ್ಕರೆ ಫ್ಯಾಕ್ಟರಿಯ ಸೈರನ್ನು ಕೇಳಿಸುವಷ್ಟು ದೂರದಲ್ಲಿ, ಗೌಡರ ಹಳೆಯ ಆಲೆಮನೆ. ಅಲ್ಲಿ ಬೆಲ್ಲ ಕಾಯಿಸುವುದು ನಿಂತುಹೋಗಿತ್ತು. ಸೈನ್ಯದಿಂದ ಬಂದು ನೆಲೆಯಿಲ್ಲದೆ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದವರು ಒಂದು ಕೆಲಸ, ಒಂದು ಕೋಣೆ ಸಿಗುವವರೆಗೆ ತಂಗಲಿ ಎಂದು ಪಟ್ಟಣದ ಕೆಲವರು ಸೇರಿ ಅದನ್ನು ಕೇಳಿ ಪಡೆದಿದ್ದರು. ಗೌಡರು ಬಾಡಿಗೆ ಬೇಡವೆಂದಿದ್ದರು. ಬೇಕಾದಾಗ ಬಿಡಿಸುತ್ತೇನೆ ಎಂದೂ ಹೇಳಿದ್ದರು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಅಲ್ಲಿಯ ಮೇಲ್ವಿಚಾರಕ. ಯಾರಿಗೂ ಪಾಠ ಹೇಳದಿದ್ದರೂ ನಿಮಗೆಲ್ಲ ಮೇಷ್ಟ್ರು.

ನೀನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಬಂದೆ. ಮಳವಳ್ಳಿ ಕಡೆಯ ನಿನ್ನೂರಿನಲ್ಲಿ ಅಣ್ಣಂದಿರು ನೀನಿಲ್ಲದಾಗ ಮನೆ ಪಾಲು ಮಾಡಿಕೊಂಡಿದ್ದರು. ನಿನಗೆ ದನದ ಕೊಟ್ಟಿಗೆಯೂ ಉಳಿದಿರಲಿಲ್ಲ. ಫ್ಯಾಕ್ಟರಿಯ ಸೈರನ್ನು ನಿನ್ನ ಕಿವಿಗೆ ವಿಮಾನ ದಾಳಿಯ ಸೈರನ್ನೇ. ಹಗಲಿನದಕ್ಕೆ ನೀನು ಕಂಬ ಹಿಡಿದು ಹೇಗೋ ನಿಲ್ಲುತ್ತಿದ್ದೆ. ಕತ್ತಲಾಗುವ ಹೊತ್ತಿಗೆ ಕೂಗಿದರೆ ಕಂಬ ಸಾಲುತ್ತಿರಲಿಲ್ಲ—ಎದ್ದು ಓಡಿ, ಪಕ್ಕದ ಕಬ್ಬಿನೊಳಗೆ ನುಗ್ಗಿ ಬೋರಲು ಮಲಗುತ್ತಿದ್ದೆ. ಆಮೇಲೆ ಗರಿ ಕೊಯ್ದ ಮುಖ ಹೊತ್ತು ನಾಚಿಕೊಂಡು ಬರುತ್ತಿದ್ದೆ. ಅಡುಗೆ ನೋಡಿಕೊಳ್ಳುತ್ತಿದ್ದ ಹವಾಲ್ದಾರ್ ಬೋರಯ್ಯ, "ಬಂದ್ಯಾ? ಕಬ್ಬು ಸೀ ಇತ್ತೇನ್ಲಾ?" ಎನ್ನುತ್ತಿದ್ದ. ನೀನೂ ನಗುತ್ತಿದ್ದೆ.

ಗೌಡರು ಒಂದು ದಿನ ನನ್ನನ್ನು ದಾರಿಯಲ್ಲೇ ನಿಲ್ಲಿಸಿದರು. "ಏನ್ ಮೇಷ್ಟ್ರೇ, ನನ್ ಕಬ್ಬ ಯಾವನೋ ತುಳ್ದು ತುಳ್ದು ಆಳು ಮಾಡವ್ನೆ. ನಿಮ್ ಜವಾನ್ರಲ್ಲಿ ಯಾವನಾರ ಆಗಿದ್ರೆ ಈಗ್ಲೇ ಯೋಳ್ಬುಡಿ. ನಾಳೀಕೇ ಎಲ್ರೂ ಗಂಟು ಕಟ್ಲಿ."

ಹೇಳಿದೆನೆಂದರೆ ನೀವೆಲ್ಲ ಟ್ರಂಕು ಹೊತ್ತು ಮತ್ತೆ ಬಸ್ ಸ್ಟ್ಯಾಂಡಿಗೆ. ನನ್ನ ಕೆಲಸವೂ—ಅದನ್ನೇಕೆ ಬಿಡಲಿ, ಅದೂ ಇತ್ತು.

"ಹಂದಿ ಇರಬೇಕು ಗೌಡರೇ," ಎಂದೆ.

"ಅಂದಿಯಾ?" ಅವರ ಮುಖ ಸಡಿಲವಾಯಿತು. "ಅಂಗಾದ್ರೆ ಬುಡಿ. ಬದಿನ್ ಮ್ಯಾಲೆ ತಂತಿ ಎಳ್ದು, ಒತ್ತು ಮುಳುಗ್ತಲೇ ಪಂಪ್‌ಸೆಟ್ಟಿಂದ ಕರೆಂಟು ಬುಡುಸ್ತೀನಿ. ಸತ್ತು ಬಿದ್ದಿರ್ತವೆ. ನಿಮ್ಗೂ ಒಂದ್ ತೊಡೆ ಕಳುಸ್ತೀನಿ."

ಅವರು ನಕ್ಕರು. ನಾನೂ ನಕ್ಕೆ.

ಇದು ಯಾವಾಗ? ನೆನಪಿನಲ್ಲಿ ಗೌಡರ ಬಾಯಲ್ಲಿ ಬೇವಿನ ಕಡ್ಡಿಯಿದೆ. ಹಾಗಾದರೆ ಅದೇ ದಿನ ಬೆಳಿಗ್ಗೆ. ಆದರೆ ಅವರ ಎತ್ತುಗಳು ಗದ್ದೆ ಬಿಟ್ಟು ಊರ ಕಡೆ ಮುಖ ಮಾಡಿದ್ದವು. ಹಾಗಾದರೆ ಹಿಂದಿನ ಸಂಜೆ. ಬೆಳಿಗ್ಗೆಯಾಗಿದ್ದರೆ ನಿನಗೆ ಹೇಳಲು ನನಗೆ ಒಂದು ಹಗಲು ಸಿಕ್ಕಿತ್ತು. ಸಂಜೆಯಾಗಿದ್ದರೆ ಒಂದು ಇಡೀ ರಾತ್ರಿಯೂ ಸಿಕ್ಕಿತ್ತು. ಮನಸ್ಸು ಬೇವಿನ ಕಡ್ಡಿಯನ್ನೇ ಮತ್ತೆ ಮತ್ತೆ ತಂದು ತೋರಿಸುತ್ತದೆ. ಅದಕ್ಕೇ ನನಗೆ ಅನುಮಾನ.

ನೀವೆಲ್ಲ ಕೂಲಿ ಹುಡುಕಿ ಮಂಡ್ಯಕ್ಕೆ ಹೋಗಿದ್ದಾಗ ಗೌಡರ ಆಳುಗಳು ಗೂಟ ನೆಟ್ಟು ತಂತಿ ಸುತ್ತಿದರು. ಕಿಟಕಿಯಿಂದ ನೋಡಿದೆ. ನಿನಗೆ ಹೇಳಿದರೆ ಬೋರಯ್ಯನಿಗೆ ಗೊತ್ತಾಗುತ್ತದೆ, ಅವನಿಂದ ಟೀ ಅಂಗಡಿಗೆ, ಅಲ್ಲಿಂದ ಗೌಡರಿಗೆ—ಹಂದಿಯ ಸುಳ್ಳು ಬಯಲಾಗುತ್ತದೆ. ಈ ದಾರಿಯಲ್ಲೇ ಮನಸ್ಸು ಹೋಗಿ ಬಂದು ಮಾಡುತ್ತಿತ್ತು. ಸಂಜೆ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದ್ದರೆ ಸಾಕಿತ್ತು. ಅಷ್ಟು ಸಣ್ಣದು ಹೊಳೆಯಲಿಲ್ಲವೇ? ಹೊಳೆದೂ—

ಹೊತ್ತು ಮುಳುಗಿತು. ನೀವು ಬಂದಿರಿ. ಬೋರಯ್ಯ ಒಲೆ ಹಚ್ಚಿದ. ನೀನು ಕಂಬದ ಪಕ್ಕ ಕೂತು ಬೀಡಿ ಸೇದುತ್ತಿದ್ದೆ. ನಾನು ಬಾಗಿಲಲ್ಲಿದ್ದೆ. ಕೂಗದಿರಲಿ, ಇವತ್ತೊಂದು ದಿನ ಕೂಗದಿರಲಿ ಎಂದುಕೊಳ್ಳುತ್ತಿದ್ದೆ.

ಸೈರನ್ನು ಕೂಗಿತು.

ನೀನು ಎದ್ದೆ. ಹೊರಗೆ ಹೋಗುವ ದಾರಿಗೆ ನಾನು ಅಡ್ಡ ಇದ್ದೆ. ಕೈ ಚಾಚಿದ್ದರೆ ನಿನ್ನ ಅಂಗಿ ಸಿಗುತ್ತಿತ್ತು. ನಾನು ಪಕ್ಕಕ್ಕೆ ಸರಿದೆ. ದಾರಿ ಬಿಟ್ಟೆ. ಉಳಿದುದರ ಬಗ್ಗೆ ಎಷ್ಟು ಅನುಮಾನವಿದ್ದರೂ ಇದರಲ್ಲಿ ಇಲ್ಲ. ಇವನೊಬ್ಬನಿಂದ ತಾನೇ ಇಷ್ಟೆಲ್ಲ, ಎಂಬ ಯೋಚನೆಯೂ ಆ ಗಳಿಗೆಯಲ್ಲಿ ಬಂದಿತ್ತು. ಆಮೇಲೆ ಹುಟ್ಟಿಸಿಕೊಂಡದ್ದಲ್ಲ. ಆಗಲೇ ಇತ್ತು.

"ಓದ್ನಲ್ಲಪ್ಪ ಬೀಗ್ರ ಮನೆಗೆ!" ಎಂದ ಬೋರಯ್ಯ. ಎಲ್ಲರೂ ನಕ್ಕರು.

ನಾನು ಕಬ್ಬಿನ ಕಡೆ ಕಿವಿಯಿಟ್ಟು ನಿಂತೆ. ಕಾಯುತ್ತಿದ್ದದ್ದು ಎಂಥ ಸದ್ದಿಗೆ ಎಂಬುದನ್ನು ಬರೆಯಲಾರೆ. ಗರಿಗಳು ಸರಸರ ಎಂದು ನಿಂತವು. ಸೈರನ್ನು ನಿಂತಿತು. ಹಿಂದೆ ಮುದ್ದೆ ಕೋಲು ಪಾತ್ರೆಗೆ ತಾಗುತ್ತಿತ್ತು. ಹೆದರಿದ್ದು ನಿನಗಾಗಿಯೋ, ನನಗಾಗಿಯೋ—

ನೀನು ಬಂದೆ. ಕೆನ್ನೆಯ ಮೇಲೆ ರಕ್ತದ ಗೆರೆ, ಮೊಣಕಾಲಿಗೆ ಕೆಸರು.

"ಯಾವನೋ ತಂತಿ ಕಟ್ಟವ್ನೆ ಮೇಷ್ಟ್ರೇ. ಕಾಲ್ಗೆ ತೊಡರ್ಕೊಂಡು ದಬ್ಬಾಕ್ಕೊಂಡೆ."

"ಹೌದಾ?" ಎಂದೆ.

ಬೋರಯ್ಯ ಗೋಡೆಯ ಸ್ವಿಚ್ಚು ಟಕಟಕ ಒತ್ತಿದ. ಬಲ್ಬು ಉರಿಯಲಿಲ್ಲ. "ಥೂ ಇದರ! ಕರೆಂಟಿಲ್ಲ ಕಣ್ ಮೇಷ್ಟ್ರೇ. ದಾರೀಲಿ ಲೈನ್‌ಮನ್ ಯೋಳ್ದ, ನಾಳೆಗಂಟ ಬರಾಕಿಲ್ವಂತೆ. ಮರ್ತೇಬುಟ್ಟಿದ್ದೆ."

ನಿನ್ನನ್ನು ಉಳಿಸಿದ್ದು ಅದು, ಮಾದೇವ. ಎಲ್ಲೋ ಯಾವುದೋ ಕಂಬದಲ್ಲಿ ಆದ ಕೆಡುಕು. ನಾನಲ್ಲ.

ಮರುದಿನ ಬೆಳಗಿನ ಬಸ್ಸಿಗೇ ಒಂದು ಚೀಟಿ ಬರೆದುಕೊಟ್ಟು ನಿನ್ನನ್ನು ಮಳವಳ್ಳಿಗೆ ಕಳಿಸಿದೆ. ಅಲ್ಲಿ ನಮ್ಮ ನೆಂಟರ ಅಕ್ಕಿ ಗಿರಣಿಯಲ್ಲಿ ಕಾವಲಿನ ಕೆಲಸ, ಇರಲು ಒಂದು ಕೋಣೆ. ಅದನ್ನು ತಿಂಗಳ ಹಿಂದೆಯೇ ಕೇಳಬಹುದಿತ್ತು; ಕೇಳಿರಲಿಲ್ಲ. ಮತ್ತೊಂದು ಸಂಜೆಯನ್ನು ಎದುರಿಸುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಉಳಿದವರಿಗೆ, ತಂತಿಗೆ ಕರೆಂಟು ಬಿಡುತ್ತಾರಂತೆ, ಅತ್ತ ಹೋಗಬೇಡಿ ಎಂದೆ—ಆಗಷ್ಟೇ ತಿಳಿದವನಂತೆ. ಬಸ್ಸು ಹತ್ತುವ ಮುನ್ನ ನೀನು ನನ್ನ ಎರಡೂ ಕೈ ಹಿಡಿದುಕೊಂಡೆ. "ಒಡುಟ್ಟಿದೋರೇ ನೋಡ್ಲಿಲ್ಲ. ನೀವು ನೋಡುದ್ರಿ ಕಣ್ ಮೇಷ್ಟ್ರೇ." ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಅಂದಿನಿಂದ ಪ್ರತಿ ಸಂಕ್ರಾಂತಿಗೆ ಬರುತ್ತೀಯ, ಹೆಗಲ ಮೇಲೆ ಕಬ್ಬಿನ ಜಲ್ಲೆ ಹೊತ್ತು. ನನ್ನ ಹೆಂಡತಿ ಎಳ್ಳುಬೆಲ್ಲ ಕೊಡುತ್ತಾಳೆ. ನಿನ್ನ ಎದುರಿಗೇ ಆ ಕಬ್ಬು ಸಿಗಿದು ತಿನ್ನುತ್ತೇನೆ.

ಈ ಸಲವೂ ಬರುತ್ತೀಯ. ನೀನು ಬೈಯುತ್ತೀಯೆಂದು ನನಗೆ ಭಯವಿಲ್ಲ. "ಓಗ್ಲಿ ಬುಡಿ ಮೇಷ್ಟ್ರೇ, ನಂಗೇನೂ ಆಗ್ಲಿಲ್ವಲ್ಲ" ಅಂದುಬಿಡುತ್ತೀಯೇನೋ, ಮತ್ತೆ ನಾನು ಅದನ್ನೂ ತೆಗೆದುಕೊಂಡು ಸುಮ್ಮನಾಗುತ್ತೇನೇನೋ ಎಂದು ಭಯ. ಅದಕ್ಕೆ ಬಾಗಿಲಲ್ಲೇ, ನಿನ್ನ ಹೆಗಲಿನಿಂದ ಜಲ್ಲೆ ಇಳಿಸುವ ಮೊದಲೇ ಹೇಳುತ್ತೇನೆ: ಸೈರನ್ನು ಕೂಗಿದಾಗ ನಾನು ನಿನಗೆ ಅಡ್ಡ ನಿಂತಿದ್ದೆ; ತಂತಿಯಲ್ಲಿ ಕರೆಂಟಿದೆ ಎಂದುಕೊಂಡೇ ಸರಿದು ದಾರಿ ಬಿಟ್ಟೆ.

ಆಮೇಲೆ ಒಳಗೆ ಬರುವುದೋ, ಜಲ್ಲೆ ಹೊತ್ತು ಹಾಗೇ ತಿರುಗಿ ಬಸ್ಸು ಹತ್ತುವುದೋ, ಅದು ನಿನಗೆ ಬಿಟ್ಟದ್ದು.