ಉಪ್ಪು ಕೇಳಿ ಹಾಕುವ ಅಡುಗೆಯವರು

ಮಸಿನಗುಡಿಯ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಇನ್ನೂ ಬೆಳಕು ಬಂದಿಲ್ಲ. ಅಮ್ಮಣಿಯವರ ಮೆಸ್ಸಿನ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕುದಿಯುವ ಸಾಂಬಾರಿನ ಮುಂದೆ ಗುರುಮಲ್ಲಪ್ಪ ನಿಂತಿದ್ದಾರೆ. ಬೇಳೆ ಕರಗಿದೆ, ಕ್ಯಾರೆಟ್ ಹದವಾಗಿ ಬೆಂದಿದೆ. ಸೌಟಿನಲ್ಲಿ ಒಂದಿಷ್ಟು ತೆಗೆದು ಬಟ್ಟಲಿಗೆ ಹಾಕುತ್ತಾರೆ, ಆದರೆ ತಾವು ಬಾಯಿಗಿಡುವುದಿಲ್ಲ. ಇಡ್ಲಿ ತಟ್ಟೆಗೆ ಬಟ್ಟೆ ಹಾಸುತ್ತಿರುವ ಅಮ್ಮಣಿಯತ್ತ ಚಾಚುತ್ತಾರೆ.

"ನೋಡವ್ವ, ಹೆಂಗದೆ?"

"ಹುಳಿ ಸರಿಯಾಗದೆ ಅಣ್ಣಾ. ಉಪ್ಪು ಚೂರು ಕಮ್ಮಿ."

ಚಿಟಿಕೆ ಉಪ್ಪು ಹಾಕಿ, ತಿರುವಿ, ಮತ್ತೆ ಚಾಚುತ್ತಾರೆ. ಅಮ್ಮಣಿ ತಲೆಯಾಡಿಸಿದ ಮೇಲೆಯೇ ಪಾತ್ರೆ ಒಲೆಯಿಂದ ಇಳಿಯುತ್ತದೆ.

ಅರವತ್ತರ ಹತ್ತಿರದ ಗುರುಮಲ್ಲಪ್ಪನವರಿಗೆ ಈಗ ವಾಸನೆ ಇಲ್ಲ, ರುಚಿಯೂ ಇಲ್ಲ. ಇವೆರಡನ್ನೇ ನಂಬಿ ಬದುಕಿದವರು ಅವರು. ಗುಂಡ್ಲುಪೇಟೆ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಮನೆತನ. ಹರೆಯದಿಂದಲೇ ಯಾತ್ರೆ ಬಸ್ಸಿನ ಅಡುಗೆಯವರು. ಕಾಶಿ, ಪುರಿ, ರಾಮೇಶ್ವರ ಎಂದು ವರ್ಷದ ಬಹುಪಾಲು ರಸ್ತೆಯ ಮೇಲೆ ಕಳೆದಿದ್ದಾರೆ. ಛತ್ರದ ಅಂಗಳದಲ್ಲೋ ಪೆಟ್ರೋಲ್ ಬಂಕಿನ ಮಗ್ಗುಲಲ್ಲೋ ಒಲೆ ಹೂಡಿ, ಊರು ಬಿಟ್ಟು ಬಂದವರಿಗೆ ಊರಿನ ಸಾರು ಬಡಿಸಿದ್ದಾರೆ.

ಎರಡು ವರ್ಷದ ಹಿಂದೆ ಕಾಶಿಯಿಂದ ಮರಳುವಾಗ ಜ್ವರ ಬಂತು. ಜ್ವರವೇನೋ ಇಳಿಯಿತು. ಆದರೆ ಒಗ್ಗರಣೆಗೆ ಇಂಗು ಹಾಕಿದಾಗ ಮೂಗಿಗೆ ಏನೂ ತಾಗಲಿಲ್ಲ. ನೆಗಡಿ ಇರಬೇಕೆಂದು ಸುಮ್ಮನಾದರು. ಮುಂದಿನ ಯಾತ್ರೆಯಲ್ಲಿ, ನಾಗಪುರ ದಾಟಿದ ಮೇಲೆ, ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು.

"ಯಾರೂ ಬಯ್ನಿಲ್ಲ," ಎನ್ನುತ್ತಾರೆ. "ಒಬ್ಬ ಮುದುಕಮ್ಮ ಎಲೆಗೆ ನೀರು ಹುಯ್ಕೊಂಡು, ಕಲ್ಸ್ಕೊಂಡು ಉಂಡ್ರು. ಬಯ್ದಿದ್ರೆ ತಡ್ಕತಿದ್ದೆ. ಅವರು ಹಂಗೆ ಉಂಡಿದ್ದು ತಡ್ಕಳಕ್ಕಾಗ್ನಿಲ್ಲ."

ಮರುದಿನ ಅನ್ನ ತಳ ಹಿಡಿದು ಸೀದದ್ದು ಬಸ್ಸಿನೊಳಗಿದ್ದವರಿಗೆಲ್ಲ ಗೊತ್ತಾಯಿತು, ಒಲೆಯ ಮುಂದಿದ್ದವರಿಗೆ ಗೊತ್ತಾಗಲಿಲ್ಲ. ಬಸ್ಸಿನ ಮಾಲೀಕರು ಫೋನಿನಲ್ಲೇ, ಊರಿಗೆ ಹೋಗಿ ಸುಧಾರಿಸಿಕೊಳ್ಳಿ ಎಂದರು. ಮತ್ತೆ ಕರೆಯಲಿಲ್ಲ. ಊಟಿಯ ಡಾಕ್ಟರು, ಬರಬಹುದು, ಬರದೆಯೂ ಇರಬಹುದು ಎಂದು ಕಳಿಸಿದರು.

ಊರಿನ ಊಟ ಬಿದ್ದರೆ ನಾಲಿಗೆ ತಾನಾಗಿ ಎಚ್ಚರಗೊಳ್ಳುತ್ತದೆ ಎಂದು ಗುರುಮಲ್ಲಪ್ಪ ನಂಬಿದರು. ಯಾತ್ರೆಗಳ ನಡುವೆ ನಾಲ್ಕು ದಿನ ಊರಿಗೆ ಬಂದಾಗಲೂ ಮನೆಯಲ್ಲೇ ಬೇಯಿಸಿಕೊಳ್ಳುತ್ತಿದ್ದವರು, ತಮ್ಮದೇ ಬೀದಿಯ ಹೋಟೆಲುಗಳ ಮೆಟ್ಟಿಲು ಹತ್ತಿದವರಲ್ಲ. ಈಗ ಒಂದೊಂದಕ್ಕೂ ಹೋದರು. ಇಡ್ಲಿ ಮೆತ್ತಗಿತ್ತು, ಅಕ್ಕಿಹಿಟ್ಟಿನ ಪುಟ್ಟು ಉದುರುದುರಾಗಿತ್ತು, ಚಹಾ ಬಿಸಿಯಾಗಿತ್ತು. ಅದಕ್ಕಿಂತ ಹೆಚ್ಚಿನದೇನನ್ನೂ ಬಾಯಿ ಹೇಳಲಿಲ್ಲ. ಪಕ್ಕದ ಬೆಂಚಿನವರು ಬೆರಳು ನೆಕ್ಕುವುದನ್ನು ನೋಡುತ್ತ ತಟ್ಟೆ ಖಾಲಿ ಮಾಡಿ ಏಳುತ್ತಿದ್ದರು.

ಗೂಡಲೂರು ಕಡೆಯ ಚಂದ್ರನ್ ಇಲ್ಲಿ ಬಜ್ಜಿ ಅಂಗಡಿ ಇಟ್ಟಿದ್ದಾರೆ. ವಿಷಯ ತಿಳಿದು, ಕಡು ಖಾರದ ಕಾಂತಾರಿ ಮೆಣಸು ಅರೆದು ಚಟ್ನಿಗೆ ಬೆರೆಸಿ ಕೊಟ್ಟರು. ಗುರುಮಲ್ಲಪ್ಪನವರ ಕಣ್ಣಲ್ಲಿ ನೀರು ಸುರಿಯಿತು.

"ಎಂತಾದ್ರೂ ಗೊತ್ತಾಯ್ತಾ ಅಣ್ಣಾ?"

"ಉರಿ ಗೊತ್ತಾಯ್ತು ಕಣಪ್ಪ. ಅಷ್ಟೇಯ."

ಚಂದ್ರನ್ ಆ ದಿನ ದುಡ್ಡು ಮುಟ್ಟಲಿಲ್ಲ. ಗುರುಮಲ್ಲಪ್ಪ ಮತ್ತೆ ಅತ್ತ ಹೋಗಲಿಲ್ಲ.

ಕೊನೆಗೆ ಕರೆದವರು ಅಮ್ಮಣಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮೆಸ್ ನಡೆಸುತ್ತಿದ್ದಾರೆ. "ಕೈ ನಿಮ್ಮದು, ನಾಲಿಗೆ ನಂದು. ಬನ್ನಿ ಅಣ್ಣಾ," ಎಂದರಂತೆ. ಗ್ಯಾಸ್ ಸೋರಿದರೂ ತಿಳಿಯದ ಮನುಷ್ಯನನ್ನು ಒಲೆಯ ಹತ್ತಿರ ಒಂಟಿಯಾಗಿ ಬಿಡುವುದಿಲ್ಲ. ಹಾಲು ಒಡೆದಿದೆಯೇ, ಹಿಟ್ಟು ಹುಳಿ ಬಂದಿದೆಯೇ, ಎಲ್ಲವನ್ನೂ ಅಮ್ಮಣಿಯೇ ನೋಡಬೇಕು. ಒಬ್ಬರ ಕೆಲಸಕ್ಕೆ ಇಬ್ಬರು.

ಕಳೆದ ತಿಂಗಳು ಒಂದು ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತಿದ್ದ ಗುರುಮಲ್ಲಪ್ಪ ತಟ್ಟನೆ ಎದ್ದು ನಿಂತರು. "ಅಮ್ಮಣೀ, ಕೊತ್ತಂಬ್ರಿ! ಕೊತ್ತಂಬ್ರಿ ಘಮ ಬತ್ತಾ ಅದೆ!" ಎಂದು ಕೂಗಿದರು. ಮಗುವಿನ ಹಾಗೆ ಅಳುತ್ತಿದ್ದರು. ಅಮ್ಮಣಿ ಓಡಿ ಬಂದರು. ತರಕಾರಿ ಗಾಡಿ ಅಂದು ಬಂದೇ ಇರಲಿಲ್ಲ. ಅಡುಗೆಮನೆಯಲ್ಲಿ ಒಂದು ಎಸಳು ಕೊತ್ತಂಬರಿಯೂ ಇರಲಿಲ್ಲ. ಹೇಳಲೋ ಬೇಡವೋ ಎಂದು ಅವರು ನಿಂತಿರುವಾಗಲೇ ಗುರುಮಲ್ಲಪ್ಪ ತರಕಾರಿಯ ಖಾಲಿ ಬುಟ್ಟಿಯನ್ನು ನೋಡಿದರು. ಕುಳಿತು ಮತ್ತೆ ಕಾಯಿ ತುರಿಯತೊಡಗಿದರು.

"ವಾಸ್ನೆ ವಾಪಸ್ ಬತ್ತದೆ ಅಂತ ಕಾಯೋದು ಆವತ್ತಿಂದ ಬುಟ್ಟೆ," ಎನ್ನುತ್ತಾರೆ.

ಮೆಸ್ಸಿನ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಿದೆ. ಅದರಲ್ಲಿ ಒಂದು ಕಿಂಡಿ ಒಡೆಸಿಕೊಡಿ ಎಂದು ಅಮ್ಮಣಿಯನ್ನು ಕೇಳಿದ್ದಾರೆ. ಬೇರೇನೂ ಕೇಳಿಲ್ಲ.

"ಒಂದು ತಟ್ಟೆ ಅಗಲ ಇದ್ರೆ ಸಾಕು. ಉಣ್ಣೋರ ಮುಖ ಕಾಣ್ಬೇಕು. ನಾನು ಮಾಡಿದ್ದು ಹೆಂಗಾಗದೆ ಅಂತ ಇನ್ನು ಅಲ್ಲೇ ತಾನೆ ನೋಡ್ಬೇಕು ನಾನು?"