ಫ್ರಿಜ್ಜಿಗೆ ಹೋದ ಮೂಡೆ ಹಿಟ್ಟು

ಮೊದಲೇ ಹೇಳಿಬಿಡ್ತೇನೆ: ಅಷ್ಟಮಿಯ ಹಿಂದಿನ ಸಂಜೆ ದೊಡ್ಡಮ್ಮನ ಮೂಡೆ ಹಿಟ್ಟನ್ನು ಫ್ರಿಜ್ಜಿಗೆ ತಳ್ಳಿದ್ದು ನಾನೇ. ಬೆಕ್ಕಲ್ಲ, ಕರೆಂಟಲ್ಲ, ಯಾರ ಕಣ್ಣು ಬಿದ್ದದ್ದೂ ಅಲ್ಲ. ಡಿಗ್ರಿ ಮುಗಿಸಿ, ಮದುವೆ ಹಾಲ್‌ಗಳಲ್ಲಿ ಮಿಮಿಕ್ರಿ ಮಾಡಿಕೊಂಡು, ಊಟದ ಸಾಲಿನಲ್ಲಿ ಮಾತ್ರ ಮೊದಲಿಗನಾಗಿರುವ ನಾನು.

ಇದರ ಮೂಲ ಒಂದು ಚಿಕನ್ ಸುಕ್ಕ. ಬೆಳಿಗ್ಗೆಯಿಂದ ಮೇಜಿನ ಮೇಲೆ ಮುಚ್ಚಳವಿಲ್ಲದೆ ಕೂತಿದ್ದ ಅದನ್ನು ಸಂಜೆ ಬಿಸಿಯೂ ಮಾಡದೆ ಬಾರಿಸಿದೆ. ಮರುದಿನ ಹೊಟ್ಟೆ ಹಿಡಿದುಕೊಂಡು ಡಾಕ್ಟ್ರಲ್ಲಿಗೆ. ನಮ್ಮ ಡಾಕ್ಟ್ರಿಗೆ ಮದ್ದಿಗಿಂತ ಪಾಠ ಕೊಡುವುದು ಇಷ್ಟ. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಶುರು ಮಾಡಿದರು: "ನೋಡು, ಬ್ಯಾಕ್ಟೀರಿಯಾ ಅಂದ್ರೆ ಒಂದೇ ಜೀವಕೋಶದ ಜೀವಿ. ಕಣ್ಣಿಗೆ ಕಾಣುವುದಿಲ್ಲ. ಬೆಚ್ಚಗೆ ಉಂಟಾ, ಒದ್ದೆ ಉಂಟಾ, ತಿನ್ನಲಿಕ್ಕೆ ಎಂತಾದ್ರೂ ಉಂಟಾ? ಮುಗೀತು. ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತದೆ. ಕೆಲವು ವಿಷ ಬಿಡ್ತವೆ. ಕಾಲರಾ, ಟೈಫಾಯ್ಡ್, ನಿನ್ನ ಈ ಸುಕ್ಕ, ಎಲ್ಲ ಅವುಗಳ ಕೆಲಸ. ಇನ್ನು ಒಳ್ಳೆಯ ಜಾತಿಯವು..."

ಅಷ್ಟರಲ್ಲಿ ನನ್ನ ಹೊಟ್ಟೆ ಕರೆಯಿತು, ಓಡಿದೆ. ವಾಪಸು ಬರುವಾಗ ನನ್ನ ಕುರ್ಚಿಯಲ್ಲಿ ಬೇರೆ ಪೇಶೆಂಟ್. ಹಾಗೆ ನಾನು ಕೆಟ್ಟ ಬ್ಯಾಕ್ಟೀರಿಯಾದಲ್ಲಿ ಪಾಸು, ಒಳ್ಳೆಯದರಲ್ಲಿ ಗೈರುಹಾಜರು.

ಆದರೆ ಬಾಯಿ ಸುಮ್ಮನಿರಬೇಕಲ್ಲ. ಆಮೇಲೆ ಮನೆಯಲ್ಲೆಲ್ಲ ಡಾಕ್ಟ್ರ ಧ್ವನಿಯೇ. ಅಮ್ಮ ಮೀನು ತೊಳೆದರೆ ಉಪನ್ಯಾಸ, ಅಪ್ಪ ಹಲ್ಲಿಗೆ ಕಡ್ಡಿ ಹಾಕಿದರೆ ಉಪನ್ಯಾಸ.

ಅಮ್ಮನ ಅಕ್ಕ ನಮ್ಮ ದೊಡ್ಡಮ್ಮ. ನಮ್ಮ ಜೊತೆಗೇ ಇರುವುದು. ಅಷ್ಟಮಿಗೆ ಕೇದಗೆ ಎಲೆಯ ಕೊಳವೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆ ಅಂದರೆ ಮಣ್ಣಗುಡ್ಡದ ನಮ್ಮ ಗಲ್ಲಿಯಲ್ಲಿ ಅವರದ್ದೇ. ಇಷ್ಟು ವರ್ಷ ಅಕ್ಕಪಕ್ಕದವರಿಗೆ ಸುಮ್ಮನೆ ಹಂಚಿದ್ದು. ಈ ಸಲ ಮೊದಲ ಬಾರಿಗೆ ಹೋಟೆಲಿನ ಧಣಿಯೊಬ್ಬರು ಆರ್ಡರ್ ಕೊಟ್ಟಿದ್ದರು. ಚೆನ್ನಾಗಿ ಬಂದರೆ ಪ್ರತಿ ಭಾನುವಾರ. ದೊಡ್ಡಮ್ಮ ಆ ಖುಷಿಯಲ್ಲಿ ಹೊಸ ಏಪ್ರನ್ ಕೂಡ ತಂದಿದ್ದರು.

ಅಷ್ಟಮಿಯ ಹಿಂದಿನ ದಿನ ಅಕ್ಕಿ, ಉದ್ದು ರುಬ್ಬಿ ಉಪ್ಪು ಹಾಕಿ ಬರಿಗೈಯಲ್ಲಿ ಕಲಸುತ್ತಿದ್ದರು. ನಮ್ಮಲ್ಲಿ ಹಿಟ್ಟು ಕಲಸುವುದಕ್ಕೆ ಒಂದೇ ಕೈ. ಬೇರೆಯವರು ಕಲಸಿದರೆ ಉಬ್ಬುವುದಿಲ್ಲ ಎಂದು ನಂಬಿಕೆ. ನಾನು ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ, "ಏನಮ್ಮ, ಗ್ಲೌಸ್ ಇಲ್ಲವಾ? ಆ ಕೈಯಲ್ಲಿ ಎಷ್ಟು ಜನ ಇದ್ದಾರೆ ಗೊತ್ತುಂಟಾ?" ಅಂದೆ.

"ನಿನ್ನ ಬಾಯಲ್ಲಿ ಇರುವಷ್ಟು ಇಲ್ಲ, ಬಿಡು ಮಾರಾಯ," ಅಂದು ಹಿಟ್ಟನ್ನು ನನಗೊಪ್ಪಿಸಿ, ಎಲೆಯ ಕೊಳವೆ ತರಲು ಕಾಟಿಪಳ್ಳದ ನಾದಿನಿ ಮನೆಗೆ ಹೊರಟರು. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಬರುವುದು.

ಸಂಜೆ ಮುಚ್ಚಳ ತೆಗೆದು ನೋಡಿದೆ. ಅಯ್ಯೋ! ಗುಳ್ಳೆ. ಸಣ್ಣಗೆ ಹುಳಿ ವಾಸನೆ. ಬೆಚ್ಚಗೆ, ಒದ್ದೆ, ತಿನ್ನಲಿಕ್ಕೆ ಬೇಕಾದಷ್ಟು: ಡಾಕ್ಟ್ರು ಹೇಳಿದ ಲಕ್ಷಣವೆಲ್ಲ ಇತ್ತು. ಹೋಟೆಲಿಗೆ ಬಂದವರೆಲ್ಲ ಸಾಲಾಗಿ ಟಾಯ್ಲೆಟ್ಟಿಗೆ ಓಡುವ ದೃಶ್ಯ ಕಣ್ಣಿಗೆ ಬಂತು. ಫ್ರಿಜ್ಜಿನ ತಟ್ಟೆಗಳನ್ನೆಲ್ಲ ಹೊರಗೆಳೆದು ಪಾತ್ರೆಯನ್ನು ಒಳಗೆ ತುರುಕಿ, ಊರು ಉಳಿಸಿದವನ ಗತ್ತಿನಲ್ಲಿ ಮಲಗಿದೆ.

ಬೆಳಿಗ್ಗೆ ದೊಡ್ಡಮ್ಮ ಬಂದು ಸೌಟು ಹಾಕಿದರೆ, ಉಬ್ಬದೆ ತಣ್ಣಗೆ ಗಟ್ಟಿಯಾಗಿದ್ದ ಹಿಟ್ಟಿನಲ್ಲಿ ಅದು ನೆಟ್ಟಗೆ ನಿಂತಿತು. ಅವರು ಬೈಯಲಿಲ್ಲ, ಏಪ್ರನ್ ಬಿಚ್ಚಿ ಕೂತರು. ಬೈದಿದ್ದರೆ ಅದನ್ನೂ ಮಿಮಿಕ್ರಿ ಮಾಡಿ ತಪ್ಪಿಸಿಕೊಳ್ತಿದ್ದೆ. ಇದಕ್ಕೆ ನನ್ನ ಹತ್ತಿರ ಐಟಮ್ ಇರಲಿಲ್ಲ.

ಡಾಕ್ಟ್ರಿಗೆ ಫೋನು ಮಾಡಿದೆ.

"ಫ್ರಿಜ್ಜಿಗಾ? ಅಲ್ಲ ಮಾರಾಯ, ಹಿಟ್ಟನ್ನು ಹುಳಿ ಮಾಡಿ ಉಬ್ಬಿಸುವುದೇ ಒಳ್ಳೆಯ ಬ್ಯಾಕ್ಟೀರಿಯಾ! ಆ ಹುಳಿಯಲ್ಲಿ ಕೆಟ್ಟವಕ್ಕೆ ಬದುಕುವುದು ಕಷ್ಟ. ಹಾಲು ಮೊಸರಾಗುವುದು ಮತ್ತೆ ಯಾರಿಂದ? ನಿನ್ನ ಹೊಟ್ಟೆಯೊಳಗೂ ಕೋಟಿಗಟ್ಟಲೆ ಒಳ್ಳೆಯವು ಕೂತು ಊಟ ಅರಗಿಸ್ತವೆ, ನಿನ್ನಂಥವನಿಗೂ. ಚಳಿಗೆ ಅವು ಸತ್ತಿಲ್ಲ, ನಿಧಾನ ಆಗಿವೆ. ಬೆಚ್ಚಗಿಡಿ."

ಬಿಸಿನೀರಿನ ಟಬ್ಬಿನಲ್ಲಿ ಪಾತ್ರೆ ಇಳಿಸಿ, ನನ್ನದೇ ಕಂಬಳಿ ಹೊದಿಸಿ, ಕಾವಲು ಕೂತೆ. ಹೊರಗೆ ಮಳೆ. ನೀರು ಆರಿದ ಹಾಗೆ ಬದಲಿಸಿದೆ. ಮಧ್ಯಾಹ್ನ ದಾಟಿದ ಮೇಲೆ ಮೊದಲ ಗುಳ್ಳೆ ಎದ್ದಾಗ ನಾನು ಕಿರುಚಿದ್ದು ಕೇಳಿ ಅಮ್ಮ ಹಾವು ಬಂತೆಂದು ಕೋಲು ತಂದರು. ದೊಡ್ಡಮ್ಮ ಬಗ್ಗಿ ನೋಡಿ ಏಪ್ರನ್ ಕಟ್ಟಿಕೊಂಡರು.

ಮಧ್ಯಾಹ್ನಕ್ಕೆ ಮುಟ್ಟಬೇಕಿದ್ದ ಮೂಡೆ ಹೋಟೆಲಿಗೆ ಮುಟ್ಟುವಾಗ ಸಂಜೆ. ಹಿಟ್ಟು ಉಬ್ಬಲಿಲ್ಲ, ತಡ ಆಗ್ತದೆ ಎಂದು ಅಮ್ಮ ಮೊದಲೇ ಫೋನು ಮಾಡಿದ್ದರೂ ಧಣಿಯ ಮುಖ ಹುಳಿ. ನಾನು ಮುಂದೆ ನುಗ್ಗಿ ಡಾಕ್ಟ್ರ ಧ್ವನಿಯಲ್ಲಿ, "ಬ್ಯಾಕ್ಟೀರಿಯಾದಲ್ಲಿ ಎರಡು ಜಾತಿ..." ಅಂತ ಶುರು ಮಾಡಿದೆ. ಅವರು ಕೈಯೆತ್ತಿ ನನ್ನನ್ನು ನಿಲ್ಲಿಸಿ, ಒಂದು ಮೂಡೆ ಬಿಚ್ಚಿ ಚಟ್ನಿಗೆ ಅದ್ದಿ ತಿಂದರು. ಇನ್ನೊಂದು ಬಿಚ್ಚಿದರು.

"ಮೆತ್ತಗೆ ಬಂದಿದೆ ಅಕ್ಕ. ಭಾನುವಾರದ್ದು ನಿಮಗೇ. ಆದ್ರೆ ಹಿಟ್ಟು ಪುನಃ ಹೀಗೆ ಕೈಕೊಟ್ರೆ ನಾನು ಗಿರಾಕಿಗೆ ಎಂತ ಹೇಳುವುದು?"

ದೊಡ್ಡಮ್ಮ ನನ್ನ ಕಡೆ ನೋಡಲೂ ಇಲ್ಲ.

"ಹಿಟ್ಟು ಯಾವತ್ತೂ ಕೈಕೊಟ್ಟದ್ದಿಲ್ಲ ಧಣಿಗಳೇ. ಶನಿವಾರ ಸಂಜೆ ಇವನನ್ನು ನಿಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ, ಸಾಕು."